ಮೂರು ಹುಣಸೆ ಮರ, ಒಂದು ತೂಗು ಡೇರೆ

ನೆಲದ ಮೇಲೆ ಚಾಪೆ ಹಾಸಿ ಮಲಗಿದ ಮನುಷ್ಯನಿಗೆ ಬೆಳಗಿನವರೆಗೆ ಏನೂ ಆಗುವುದಿಲ್ಲ. ಅದೇ ಮನುಷ್ಯನನ್ನು ಮರಕ್ಕೆ ತೂಗುಹಾಕಿ ನೋಡಿ. ಅವನಿಗೋ, ಅವನನ್ನು ನೋಡಿದವರಿಗೋ, ತೂಗುಹಾಕಿದವರಿಗೋ ಏನಾದರೊಂದು ಆಗಿಯೇ ಆಗುತ್ತದೆ. ತೂಗುಹಾಕಿದವಳು ನಾನೇ ಆದ್ದರಿಂದ ಅನುಭವದ ಮೇಲೆ ಹೇಳುತ್ತಿದ್ದೇನೆ.

ನಮ್ಮ ಹೊಲ ಮೂಡಲಗಿ ಕಡೆ, ಮಸಗುಪ್ಪಿಯಿಂದ ಸ್ವಲ್ಪ ಈಚೆಗೆ. ಬದುವಿನ ಮೇಲೆ ಒಲೆಯ ಗುಂಡುಗಳ ಹಾಗೆ ಮೂರು ಕಡೆ ಮೂರು ಹುಣಸೆ ಮರ. ನನ್ನ ಗಂಡನ ಅಣ್ಣ, ಅಂದರೆ ನಮ್ಮ ಬಾವ, ಅವುಗಳನ್ನು ಕಡಿಸಬೇಕೆಂದು ಬಹಳ ದಿನದಿಂದ ಹೇಳುತ್ತಿದ್ದರು. ನೆರಳಿಗೆ ಕಬ್ಬು ಏಳುವುದಿಲ್ಲ, ಟ್ರ್ಯಾಕ್ಟರ್ ತಿರುಗುವುದಿಲ್ಲ ಎಂಬುದು ಅವರ ತಕರಾರು. ತಕರಾರೇನೋ ಖರೆ. ಆದರೆ ಮದುವೆಯಾಗಿ ಬಂದ ಹೊಸದರಲ್ಲಿ ತವರು ನೆನಪಾದಾಗಲೆಲ್ಲ ನಾನು ಅತ್ತು, ಮುಖ ತೊಳೆದುಕೊಂಡು ಬರುತ್ತಿದ್ದದ್ದು ಆ ಮರಗಳ ಕೆಳಗೆ. ಕಡಿಯುವ ಮಾತು ಬಂದಾಗಲೆಲ್ಲ ನಾನು ಎದ್ದು ಒಳಗೆ ಹೋಗುತ್ತಿದ್ದೆ.

ನಾನು ಮನೆಯಲ್ಲೇ ಮಷೀನು ಇಟ್ಟುಕೊಂಡು ಲಾರಿ, ಬಣವೆಗೆ ಹೊದಿಸುವ ತಾಡಪತ್ರಿ ಹೊಲಿಯುವವಳು. ಒಂದು ದಿನ ಗೋಕಾಕದಲ್ಲಿ ಕಾಲೇಜು ಓದುವ ಮಗಳು ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದಳು. ಎಲ್ಲೋ ಕಾಡಿನಲ್ಲಿ ಮೂರು ಮರಗಳ ನಡುವೆ ಮೂರು ಮೂಲೆಯ ಡೇರೆ, ನೆಲ ಮುಟ್ಟದ ಹಾಗೆ ಬಿಗಿದು ಕಟ್ಟಿದ್ದು. ಒಳಗೆ ಗಂಡ ಹೆಂಡತಿ ಕಾಲು ಚಾಚಿ ಮಲಗಿದ್ದಾರೆ. "ನಮ್ಮ ಗಿಡಾನೂ ಮೂರು ಅದಾವಲ್ಲಬೇ," ಅಂದಳು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬೆಳಗ್ಗೆದ್ದು ಕತ್ತರಿ ಹಿಡಿದೆ. ತಾಡಪತ್ರಿ, ಸೊಳ್ಳೆ ಪರದೆಯ ಬಟ್ಟೆ, ಬ್ಯಾಗಿಗೆ ಹಚ್ಚುವಂಥ ಒಂದು ಉದ್ದನೆಯ ಜಿಪ್ ಚೈನು, ಲಾರಿಯಲ್ಲಿ ಹೇರು ಬಿಗಿಯುವ ಅಗಲ ಪಟ್ಟೆ. ಗೋಕಾಕ ಫಾಲ್ಸ್ ನೋಡಲು ಬಂದವರು ನಮ್ಮಲ್ಲಿ ಬಂದು ಮಲಗಲಿ ಎಂಬುದು ನನ್ನ ಲೆಕ್ಕಾಚಾರ.

ಬಾವ ಪಡಸಾಲೆಯಲ್ಲಿ ಕೂತು ನನ್ನ ಗಂಡನಿಗೆ ಹೇಳಿದ್ದು ಅಡುಗೆಮನೆಗೆ ಕೇಳಿಸಿತು. "ಮುಂದಿನ ಸಲ ಕಬ್ಬು ಹಚ್ಚೋತನಕ ನೋಡೂನು. ಮಂದಿ ಬಂದು ಆ ಜೋಳಿಗ್ಯಾಗ ಮಲಗಿದ್ರ ಗಿಡ ಇರ್ಲಿ. ಇಲ್ಲಂದ್ರ ಕಟ್ಟಿಗಿ ಅಡ್ಡೆದಾಂವನ್ನ ಕರಸ್ತೀನಿ."

ಹೀಗೆ ನಮ್ಮ ಡೇರೆ ಮೇಲೇರಿತು.

ಮರಿ ಸಹಿತ

ಮಗಳು ಮೊಬೈಲಿನಲ್ಲಿ ಹಾಕಿದ ಡೇರೆಯ ಫೋಟೋ ನೋಡಿ ಮೊದಲು ಬರುತ್ತೇವೆ ಅಂದವರು ಬೆಳಗಾವಿಯವರು. ಗಂಡ, ಹೆಂಡತಿ, ಪುಟ್ಟ ಮಗಳು. ಅವರಿಗಾಗಿ ಹೊಸ ದುಪ್ಪಟಿ ಹಾಸಿ, ತಲೆದಿಂಬಿಗೆ ಹೂವಿನ ಕಸೂತಿಯ ಗಲೀಪು ಹಾಕಿ, ಚೈನು ಎಳೆದು ಮನೆಗೆ ಬಂದೆ.

ಆಗ ನಮ್ಮ ಹೊಲದಲ್ಲಿ ಗೊಬ್ಬರಕ್ಕೆಂದು ಕುರುಬರನ್ನು ಕರೆಸಿ ಕುರಿ ನಿಲ್ಲಿಸಿದ್ದೆವು. ಮಧ್ಯಾಹ್ನ ಇದ್ದಕ್ಕಿದ್ದ ಹಾಗೆ ಒಂದು ಜೋರು ಮಳೆ ಬಂತು. ಸಂಜೆಗೆ ಆ ಮೂವರನ್ನು ಕರೆದುಕೊಂಡು ಹೋಗಿ, ದೊಡ್ಡಸ್ತಿಕೆಯಿಂದ ಚೈನು ಎಳೆದೆ. ಒಳಗಿನಿಂದ ಈಗಷ್ಟೇ ಹುಟ್ಟಿದ ಕುರಿಮರಿಗಳು ಸಾಲಾಗಿ ತಲೆ ಹೊರಗೆ ಹಾಕಿ ನಮ್ಮನ್ನು ನೋಡಿದವು. ಒಂದಂತೂ ಕಸೂತಿ ದಿಂಬಿನ ಮೇಲೆ ತಲೆಯಿಟ್ಟು ಮಲಗಿತ್ತು.

ಕುರುಬರ ಹಿರಿಯಳು ಕಂಬಳಿ ಕೊಪ್ಪೆ ಹಾಕಿಕೊಂಡು ಆಚೆ ನಿಂತಿದ್ದಳು. ನನಗೆ ಸಿಟ್ಟು ನೆತ್ತಿಗೇರಿತು. "ಏನಬೇ ಇದು?" ಅಂದೆ.

"ಮಳಿ ಬಂತಲ್ಲಬೇ ಯವ್ವಾ. ನೀ ಮರಿಗೋಳ ಸಲುವಾಗಿನ ಕಟ್ಟೀದಿ ಅಂತ ತಿಳದ್ನಿ. ಮನಷ್ಯಾರು ಯಾಕ ಮ್ಯಾಲೆ ಮಲಗ್ತಾರು, ಅವರಿಗೆ ಮನಿ ಇಲ್ಲೇನು?" ಅಂದಳು.

ಬೆಳಗಾವಿಯವರು ಬೈಯುತ್ತಾರೆ ಎಂದು ನಾನು ತಲೆ ತಗ್ಗಿಸಿದರೆ, ಅವರ ಮಗಳು ಆಗಲೇ ಒಂದು ಮರಿಯನ್ನು ಎದೆಗವಚಿಕೊಂಡು ಡೇರೆಯೊಳಗೆ ಕೂತುಬಿಟ್ಟಿದ್ದಳು. ಮರಿ ಇದ್ದರೆ ಮಾತ್ರ ಇಲ್ಲಿರುತ್ತೇನೆ ಅಂತ ಹಠ. ಕೊನೆಗೆ ದುಪ್ಪಟಿ ಬದಲಾಯಿಸಿ ಎರಡು ಮರಿ ಉಳಿಸಿಕೊಂಡು ಮಲಗಿದರು. ಬೆಳಗ್ಗೆ ಹೋಗುವಾಗ ಫೋಟೋ ತೆಗೆದು ಯಾರ್‍ಯಾರಿಗೋ ಕಳಿಸಿದರು.

ವಾರ ಕಳೆಯುವಷ್ಟರಲ್ಲಿ ಧಾರವಾಡದಿಂದ ಒಂದು ಫೋನು ಬಂತು. ನಾನು ಹಾಸಿಗೆ, ಊಟ, ಬಿಸಿನೀರು ಎಲ್ಲಾ ವಿವರಿಸಿ ಹೇಳಿದೆ. ಆ ಹೆಣ್ಣುಮಗಳು ಪೂರಾ ಕೇಳಿಸಿಕೊಂಡು, "ಅದೆಲ್ಲಾ ಇರ್ಲಿರಿ. ಮರಿ ಸಹಿತ ಕೊಡ್ತೀರೋ, ಮರಿ ಬ್ಯಾರೆ ಹೇಳಬೇಕೋ?" ಅಂದಳು.

ತೂಕ

ಡೇರೆಗೂ ಒಂದು ತಾಳಿಕೆ ಇರುತ್ತದೆ. ಬಂದವರ ತೂಕ ತಿಳಿಯದೆ ಒಳಗೆ ಬಿಡುವಂತಿಲ್ಲ. ಹಾಗೆಂದು ಮನೆಗೆ ಬಂದ ಅತಿಥಿಗೆ "ನೀವು ಎಷ್ಟು ತೂಗ್ತೀರಿ?" ಎಂದು ಕೇಳಲು ನನಗೆ ಬಾಯಿ ಬರುವುದಿಲ್ಲ. ಮನೆಯಲ್ಲಿ ತಕ್ಕಡಿ ಇದೆ, ಆದರೆ ನಮ್ಮತ್ತೆ, "ಮಂದಿನ್ನ ಕಾಳಿನಂಗ ತೂಗಬಾರದು" ಎಂದು ಮೊದಲೇ ಹೇಳಿಬಿಟ್ಟಿದ್ದರು.

ನನ್ನ ಗಂಡ, "ಆ ಚಿಂತಿ ನನಗ ಬಿಡು" ಅಂದರು. ಅವರು ವರ್ಷಗಟ್ಟಲೆ ದನದ ಸಂತೆ ತಿರುಗಿದವರು. ಎತ್ತನ್ನು ಕಣ್ಣಿನಲ್ಲೇ ತೂಗುತ್ತಾರೆ.

ಗೋಕಾಕದಿಂದ ಕಿರಾಣಿ ಅಂಗಡಿಯವರೊಬ್ಬರು ಬಂದರು. ಕಾರಿನಿಂದ ಅವರು ಇಳಿದದ್ದೇ ಕಾರು ಮೇಲೆದ್ದಿತು. ನನ್ನ ಗಂಡ ಅವರ ಸುತ್ತ ಒಂದು ಸುತ್ತು ಹಾಕಿದರು. ಹಿಂದಿನಿಂದ ಭುಜ ನೋಡಿದರು. ಪಕ್ಕಕ್ಕೆ ಸರಿದು ಹೊಟ್ಟೆಯ ಇಳುಕಲು ನೋಡಿದರು. ಒಂದು ಸಲ ಕೂತು ಕಾಲು ನೋಡಿದರು. "ಒಂದೀಟ ಅಲ್ಲಿತನಾ ನಡದ ತೋರಸ್ತೀರೇನ್ರಿ?" ಅಂದರು. ಆ ಪುಣ್ಯಾತ್ಮರು ಪಾಪ ನಡೆದೂ ತೋರಿಸಿದರು.

"ನಡೀತೈತಿ, ಪಟ್ಟಿ ತಡೀತಾವು," ಎಂದು ನನ್ನ ಗಂಡ ನನಗೆ ಕಣ್ಣು ಹೊಡೆದರು.

ಅಂಗಡಿಯವರು ತಿರುಗಿ ಬಂದು ನಿಂತು, ಸಮಾಧಾನದಿಂದ ಕೇಳಿದರು. "ಹಲ್ಲ ನೋಡಂಗಿಲ್ಲೇನ್ರಿ?"

ಗುಂಡಕಲ್ಲು

ನಡುವೆ ಕೆಲವು ದಿನ ಯಾರೂ ಬರಲಿಲ್ಲ. ಬಾವ ದಿನಾ ಬದುವಿನ ಮೇಲೆ ಹೋಗಿ ಖಾಲಿ ಡೇರೆ ನೋಡಿ, ಆಮೇಲೆ ಮರದ ಬುಡ ನೋಡಿ ಬರುತ್ತಿದ್ದರು.

ಅತ್ತೆಗೆ ಕಾರಣ ಹೊಳೆಯಿತು. "ತೂಗು ಅಂದಮ್ಯಾಲೆ ಅದೂ ತೊಟ್ಟಲನ. ಹೊಸಾ ತೊಟ್ಟಲಕ್ಕ ಮೊದಲ ಗುಂಡಕಲ್ಲ ಮಲಗಸ್ಬೇಕು. ನಿನ್ನ ಜೋಳಿಗ್ಯಾಗ ಕುರಿಮರಿ ಮಲಗಿದ್ವು, ಅಂಗಡಿ ಸಾವಕಾರ ಮಲಗಿದ, ಕಲ್ಲ ಮಲಗಿಲ್ಲ. ಮಂದಿ ಹೆಂಗ ಬರ್ತಾರ?"

ಇದು ನಮ್ಮ ಕಡೆ ಎಲ್ಲರಿಗೂ ಗೊತ್ತಿದ್ದದ್ದೇ. ಕೂಸನ್ನು ಹಾಕುವ ಮೊದಲು ಖಾರ ಅರೆಯುವ ಗುಂಡಕಲ್ಲನ್ನು ಕೂಸಿನ ಹಾಗೆ ಸಿಂಗರಿಸಿ ತೊಟ್ಟಿಲಲ್ಲಿ ಇಡುತ್ತಾರೆ, ಕೂಸು ಕಲ್ಲಿನ ಹಾಗೆ ಗಟ್ಟಿಯಾಗಲಿ ಅಂತ. ಆದರೆ ಡೇರೆಗೂ ಅದು ಲಾಗೂ ಆಗುತ್ತದೆ ಎಂದು ನನಗೆ ಹೊಳೆದಿರಲಿಲ್ಲ. "ಏನರ ಮಾಡ್ರಿ" ಎಂದು ನಾನು ಮಷೀನು ತುಳಿಯತೊಡಗಿದೆ. ಅತ್ತೆ ಯಾವಾಗ ಹೋದರೋ ಬಂದರೋ ನೋಡಲಿಲ್ಲ.

ಅದೇ ಸಂಜೆ ಬೆಲ್ಲದ ಬಾಗೇವಾಡಿಯಿಂದ ಹೊಸದಾಗಿ ಮದುವೆಯಾದ ಜೋಡಿಯೊಂದು ಬಂತು. ಹುಡುಗಿ ನಾಚುತ್ತ ಚೈನು ಎಳೆದಳು, ಒಳಗೆ ಬಗ್ಗಿದಳು, ಹಾಗೇ ನಿಂತಳು. ಹಾಸಿಗೆಯ ನಡುವೆ, ಕುಲಾವಿ ಹಾಕಿಕೊಂಡು, ಹಣೆಗೆ ಕುಂಕುಮ ಹಚ್ಚಿಕೊಂಡು, ಕುತ್ತಿಗೆಯವರೆಗೆ ದುಪ್ಪಟಿ ಹೊದ್ದು ನಮ್ಮ ಮನೆಯ ಗುಂಡಕಲ್ಲು ಮಲಗಿತ್ತು.

ಹುಡುಗ ಅದನ್ನು ಎತ್ತಲು ಹೋಗಿ ಏದುಸಿರು ಬಿಟ್ಟ. ಅಷ್ಟರಲ್ಲಿ ಎಲ್ಲಿದ್ದರೋ ಅತ್ತೆ ಬಂದರು. "ಹಂಗ ಎತ್ತಬಾರದೋ ತಮ್ಮಾ. ಕುತ್ತಿಗಿ ಕೆಳಗ ಕೈ ಕೊಟ್ಟ ಎತ್ತು. ನಾಳೆ ರೂಢಿ ಬೇಕಾಗ್ತೈತಿ," ಅಂದರು. ಆ ಹುಡುಗ ಮಹಾ ಒಳ್ಳೆಯವನು. ಕಲ್ಲಿನ ಕುತ್ತಿಗೆ ಹುಡುಕಿ, ಅದರ ಕೆಳಗೆ ಕೈ ಕೊಟ್ಟು ಎತ್ತಿ ಅತ್ತೆಯ ಮಡಿಲಿಗೆ ಕೊಟ್ಟ. ಹುಡುಗಿ ಸೆರಗು ಬಾಯಿಗಿಟ್ಟುಕೊಂಡು ನಕ್ಕು ನಕ್ಕು ಡೇರೆಗೇ ಒರಗಿದಳು.

ನಾನು ನಾಚಿಕೆಯಿಂದ ಮುಂದಿನ ಎಷ್ಟೋ ದಿನ ಬಾಗೇವಾಡಿಯ ಹೆಸರು ಎತ್ತಲಿಲ್ಲ. ಇತ್ತೀಚೆಗೆ ಆ ಹುಡುಗಿಯದೇ ಫೋನು. ಈಗ ಅವಳಿಗೆ ತಿಂಗಳು ತುಂಬುತ್ತ ಬಂದಿದೆಯಂತೆ. ಕ್ಷೇಮ ಸಮಾಚಾರ ಎಲ್ಲ ಮುಗಿದ ಮೇಲೆ ದನಿ ಸಣ್ಣ ಮಾಡಿ ಕೇಳಿದಳು. "ಆ ಕಲ್ಲ ಇನ್ನೂ ಅಲ್ಲೆ ಐತೇನ್ರಿ? ನಮ್ಮಕ್ಕಾನೂ ಒಂದಿನ ಬಂದ ಹೋಗ್ತಾಳಂತ."

ಬುದ್ಧಿಮಾತು

ಹುಕ್ಕೇರಿಯಿಂದ ಒಬ್ಬರು ಬಂದರು. ಬ್ಯಾಂಕಿನಲ್ಲಿ ಕೆಲಸ. "ನನಗ ಯಾರೂ ಮಾತಾಡಸ್ಬಾರದು. ಎರಡ ದಿನಾ ಸುಮ್ನ ಬಿದ್ದಿರಬೇಕು, ಅಷ್ಟ," ಅಂದರು. ಪಾಪ, ಇಡೀ ವರ್ಷ ಕೌಂಟರಿನಲ್ಲಿ ಕೂತು ಮಾತಾಡಿ ದಣಿದಿದ್ದರು. ನಾನು ಆಗಲಿ ಅಂದೆ. ನಮ್ಮ ಊರಿನ ಪರವಾಗಿ ಆಗಲಿ ಅನ್ನಲು ನಾನು ಯಾರು?

ನಮ್ಮ ಕಡೆ ಒಬ್ಬ ಮನುಷ್ಯ ಒಬ್ಬನೇ ಕೂತರೆ ಮಂದಿಗೆ ತಡೆಯುವುದಿಲ್ಲ. ಬದುವಿನ ಮೇಲೆ ಹಾದವರೆಲ್ಲ ಡೇರೆಯ ಕೆಳಗೆ ನಿಂತು, "ಊಟ ಆತೇನ್ರಿ? ಯಾಕ, ಮೈಯಾಗ ಹುಷಾರಿಲ್ಲೇನು?" ಎಂದು ಕೇಳಿದರು. ಮೂರು ಮನೆಯಿಂದ ಬುತ್ತಿ ಹೋಯಿತು. ಅವರು ಯಾರಿಗೂ ಬಾಯಿ ಬಿಡಲಿಲ್ಲ. ಅಲ್ಲಿಗೆ ಊರಿಗೆ ಎಲ್ಲಾ ತಿಳಿಯಿತು. ಮನೆ ಮಠ ಇದ್ದ ಗಂಡಸು, ಒಬ್ಬನೇ, ಮರಕ್ಕೆ ಜೋತುಬಿದ್ದಿದ್ದಾನೆ, ಮಾತಾಡುತ್ತಿಲ್ಲ. ಇದು ಹೆಂಡತಿಯ ಜೊತೆಗಿನ ಜಗಳವಲ್ಲದೆ ಬೇರೇನು?

ಮರುದಿನ ಬೆಳಗ್ಗೆ ಊರಿನ ಹಿರಿಯರು ನಾಲ್ಕೈದು ಮಂದಿ ಹೆಗಲಿಗೆ ಟವೆಲ್ ಹಾಕಿಕೊಂಡು ಡೇರೆಯ ಕೆಳಗೆ ಬಂದು ಕೂತರು. "ಸಂಸಾರ ಅಂದಮ್ಯಾಲೆ ಒಂದ ಮಾತ ಬರ್ತೈತಿ, ಹೋಗ್ತೈತಿ. ಕೆಳಗ ಇಳೀರಿ," ಎಂದು ಶುರು ಮಾಡಿದರು. ಬ್ಯಾಂಕಿನವರು ಮೇಲಿನಿಂದ, "ಜಗಳಾ ಏನೂ ಇಲ್ರಿ, ನಿಮ್ಮ ಕಾಲ ಬೀಳ್ತೀನಿ," ಅಂದರು. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಲ್ಲಾ ಗಂಡಂದಿರು ಮೊದಲು ಅನ್ನುವುದೇ ಹಾಗೆ. ಕೊನೆಗೆ ಬೇಸತ್ತು, ಬೇಕಾದರೆ ಹೆಂಡತಿಯನ್ನೇ ಕೇಳಿರಿ ಎಂದು ಬ್ಯಾಂಕಿನವರು ನಂಬರು ಕೊಟ್ಟರು. ಹಿರಿಯರು ಫೋನು ಹಚ್ಚಿ ಏನೂ ಕೇಳಲಿಲ್ಲ, ಬಾ ಅಂದರು.

ಆ ಹೆಣ್ಣುಮಗಳು ಗಂಡನಿಗೆ ಏನಾಯಿತೋ ಎಂದು ಎದೆ ಹಿಡಿದುಕೊಂಡು ಬಂದಳು. ಬಂದವಳನ್ನು ಚಾಪೆಯ ಮೇಲೆ ಕೂರಿಸಿ ಹಿರಿಯರು ಸಾವಕಾಶವಾಗಿ ಬುದ್ಧಿಮಾತು ಹೇಳಿದರು. ಗಂಡಸಿನ ಸಿಟ್ಟು ಹಾಲಿನ ಉಕ್ಕಿನ ಹಾಗೆ, ನೀನೇ ಒಂದು ಹೆಜ್ಜೆ ಹಿಂದೆ ಸರಿಯಬೇಕು, ಅವರನ್ನು ಹೀಗೆ ಗಿಡ ಹತ್ತಿಸಬಾರದು ಇತ್ಯಾದಿ. ಅವಳು ಪೂರಾ ಕೇಳಿ, ಎದ್ದು ನಿಂತು, ಡೇರೆಯ ಕಡೆ ತಿರುಗಿದಳು. "ಇಷ್ಟ ಮಂದಿ ಮುಂದ ಏನೇನ ಹೇಳೀರಿ ನನ್ನ ಮ್ಯಾಲೆ? ರಜಾ ಹಾಕಿ ಇದನ್ನ ಹೇಳಾಕ ಬಂದ್ರೇನು?"

ಆಮೇಲೆ ನಡೆದದ್ದು ನಿಜವಾದ ಜಗಳ. ಅಕ್ಕಪಕ್ಕದ ಹೊಲದಲ್ಲಿ ಕಳೆ ತೆಗೆಯುವವರೂ ಕೈ ಬಿಟ್ಟು ಕೇಳಿದರು. ಹಿರಿಯರಲ್ಲಿ ದೊಡ್ಡವರು ಟವೆಲ್ ಕೊಡವಿ ಎದ್ದು, ಸಮಾಧಾನದಿಂದ ನನಗೆ ಹೇಳಿದರು. "ನೋಡಿದಿಲ್ಲವಾ, ನಾ ಅನ್ಲಿಲ್ಲೇನು ಜಗಳಾ ಐತಿ ಅಂತ?"

ನಡುವಿನವರು

ಕಬ್ಬು ಹಚ್ಚುವ ಕಾಲ ಬಂದೇ ಬಂತು. ಮಂದಿ ಬಂದಿದ್ದರು, ಆದರೆ ಬಾವನ ಮನಸ್ಸು ತುಂಬುವಷ್ಟು ಬಂದಿರಲಿಲ್ಲ. ಮರ ಕಡಿದು ಒಯ್ಯುವ ಕಟ್ಟಿಗೆ ಅಡ್ಡೆಯವನಿಗೆ ಅವರು ಹೇಳಿ ಕಳಿಸಿದ್ದು ಗೊತ್ತಾಯಿತು. ನನ್ನ ಗಂಡ ಅಣ್ಣನ ಮುಂದೆ ತಲೆ ಕೆರೆದುಕೊಂಡು ಬಂದರು. ಅತ್ತೆ, "ಇಬ್ಬರೂ ನನ್ನ ಹೊಟ್ಟೀಲೆ ಹುಟ್ಟಿದವರವಾ, ನಾ ಯಾರ ಕಡೆ ಆಗ್ಲಿ?" ಅಂದರು. ನಾನೇ ಹೋಗಿ ಬಾವನನ್ನು ಕೇಳಬಹುದಿತ್ತಲ್ಲ ಎಂದು ನೀವು ಅನ್ನಬಹುದು. ಅಲ್ಲೇ ಇರುವುದು ತೊಡಕು.

ನಮ್ಮ ಮನೆಯಲ್ಲಿ ತಮ್ಮನ ಹೆಂಡತಿ ಬಾವನ ಜೊತೆ ನೇರ ಮಾತಾಡುವಂತಿಲ್ಲ. ಸಿಟ್ಟಲ್ಲ, ಮರ್ಯಾದೆ. ಮಾತೆಲ್ಲ ನಡುವಿನವರ ಕಡೆಯಿಂದಲೇ ಆಗಬೇಕು. ಬಾವ ಪಡಸಾಲೆಯಲ್ಲಿ ಕೂತು, "ಯವ್ವಾ, ಅಕಿಗೆ ಚಾ ಮಾಡಾಕ ಹೇಳು," ಎಂದು ಅತ್ತೆಗೆ ಹೇಳುತ್ತಾರೆ. ನಾನು ಸೆರಗು ಎಳೆದುಕೊಂಡು ಬಾಗಿಲಲ್ಲಿ ನಿಂತು, "ಸಕ್ಕರಿ ಹಾಕಲೇನು ಕೇಳ್ರಿ ಅತ್ತಿ," ಅನ್ನುತ್ತೇನೆ. ಅತ್ತೆ ಬಾಯಿ ತೆರೆಯುವುದೂ ಬೇಕಿಲ್ಲ, ಸುಮ್ಮನೆ ನಡುವೆ ಇದ್ದರೆ ಆಯಿತು. ಅವರಿಲ್ಲದ ದಿನ ಬೆಕ್ಕಾದರೂ ನಡೆಯುತ್ತದೆ. ಮದುವೆಯಾದಂದಿನಿಂದ ನಮ್ಮಿಬ್ಬರ ನಡುವಿನ ಮನೆವಾರ್ತೆಯ ಮಾತೆಲ್ಲ ಹೀಗೇ ನಡೆದಿದೆ, ಒಂದು ಸಲವೂ ಚಹಾಕ್ಕೆ ಸಕ್ಕರೆ ತಪ್ಪಿಲ್ಲ.

ಅಡ್ಡೆಯವನು ಬರುವ ದಿನ ನನ್ನ ಗಂಡ ಕೆಲಸವಿದೆ ಎಂದು ಗೋಕಾಕಕ್ಕೆ ಹೋದರು. ಕೆಲಸ ಏನೂ ಇರಲಿಲ್ಲ, ಮರ ಬೀಳುವುದನ್ನು ನೋಡಲಾರದೆ ಹೋದರು. ಬಾವನ ಹೆಂಡತಿ ಅತ್ತೆಯನ್ನು ಕರೆದುಕೊಂಡು ತವರಿಗೆ ಹೋಗಿದ್ದರು. ಹೊಲದಲ್ಲಿದ್ದ ಬಾವನಿಗೆ ಮಧ್ಯಾಹ್ನದ ಬುತ್ತಿ ಕಟ್ಟಿಕೊಂಡು ನಾನೇ ಹೊರಟೆ. ದಾರಿಯುದ್ದಕ್ಕೂ ಕಣ್ಣು ಒರೆಸಿಕೊಂಡೆ.

ಬದುವಿನ ಮೇಲೆ ಯಾರೂ ಇಲ್ಲ. ಗಾಳಿಯಿಲ್ಲ. ಆದರೆ ಡೇರೆ ಮಾತ್ರ ಅಲ್ಲಾಡುತ್ತಿದೆ. ಒಳಗಿನಿಂದ ಒಂದು ಕೆಮ್ಮು ಬಂತು. ಬಾವ ಮನೆಯೊಳಗೆ ಬರುವಾಗ ಕೆಮ್ಮುವ ಕೆಮ್ಮು ಅದೇ. ನಾನು ಗಕ್ಕನೆ ಸೆರಗು ಎಳೆದುಕೊಂಡೆ.

ಡೇರೆಯ ಚೈನಿನಲ್ಲಿ ಬಿಳಿ ಧೋತರದ ತುದಿ ಸಿಕ್ಕಿಕೊಂಡು ಹೊರಗೆ ಕಾಣುತ್ತಿತ್ತು. ಅಡ್ಡೆಯವನು ಬರುವವರೆಗೆ ಯಾರೂ ನೋಡುವುದಿಲ್ಲ ಎಂದು ಬಾವ ಒಳಗೆ ಏರಿದ್ದಾರೆ, ಚೈನು ಎಳೆದುಕೊಂಡಿದ್ದಾರೆ, ಸೊಗಸಾಗಿ ಒಂದು ನಿದ್ದೆ ತೆಗೆದಿದ್ದಾರೆ. ಈಗ ಹೊರಗೆ ಬರಬೇಕೆಂದರೆ ಧೋತರ ಒಳಗೇ ಬಿಟ್ಟು ಬರಬೇಕು.

ನಮ್ಮಿಬ್ಬರ ನಡುವೆ ಅತ್ತೆಯಿಲ್ಲ, ಬೆಕ್ಕಿಲ್ಲ, ಒಂದು ನಾಯಿಯೂ ಇಲ್ಲ. ನನ್ನ ಬಳೆಯ ಸದ್ದು ಕೇಳಿಸಿರಬೇಕು, ಬಾವ ಇನ್ನೊಮ್ಮೆ ಕೆಮ್ಮಿ, ಕೊನೆಗೆ ಗಟ್ಟಿಯಾಗಿ ಹೇಳಿದರು.

"ಹುಣಸಿ ಗಿಡಾ, ಬಾಜೂಕ ನಿಂತಾಕಿಗೆ ಹೇಳು. ಚೈನಿನ್ಯಾಗ ಧೋತರ ಸಿಕ್ಕೇತಿ."

ನಾನು ಮರದ ಕಡೆ ತಿರುಗಿ ನಿಂತೆ. "ಗಿಡಪ್ಪಾ, ಬಾವಾರಿಗೆ ಹೇಳಪಾ, ಜಗ್ಗಬ್ಯಾಡ್ರಿ ಅಂತ. ಮನಿಗೆ ಹೋಗಿ ಕತ್ತರಿ ತರತೀನಿ."

"ಗಿಡಾ, ಧೋತರ ಹೊಸಾದೈತಿ ಅಂತ ಹೇಳು. ಡೇರೆ ಕತ್ತರಸ್ಲಿ."

"ಗಿಡಪ್ಪಾ, ಡೇರೆ ಬಾಗಲದ ಮಗ್ಗಲದ ಬಟ್ಟಿ ಮೊನ್ನೆ ಹೊಸಾದ ಹಚ್ಚೀನಿ ಅಂತ ಹೇಳು."

ಮರ ಎರಡೂ ಕೇಳಿಸಿಕೊಂಡಿತು. ಆಗ ನನಗೆ ಎಲ್ಲಿಂದ ಧೈರ್ಯ ಬಂತೋ. ಇಷ್ಟು ವರ್ಷ ಚಹಾ ಸಕ್ಕರೆ ಬಿಟ್ಟು ಮಾತಿಲ್ಲದ ಮನುಷ್ಯ ಈಗ ಎಲ್ಲೂ ಎದ್ದು ಹೋಗುವ ಹಾಗಿಲ್ಲ. "ಗಿಡಪ್ಪಾ, ಇನ್ನೊಂದ ಕೇಳು," ಅಂದೆ. "ನಿನ್ನ ಕಡೀಬ್ಯಾಡ್ರಿ ಅಂತ ಹೇಳು. ಈ ಮನಿಗೆ ಬಂದು ನಾ ಅತ್ತದ್ದೂ ನಿನ್ನ ಬುಡಕನ, ನಂದು ಅಂತ ಒಂದ ಕೆಲಸಾ ಕಂಡದ್ದೂ ನಿನ್ನ ಬುಡಕನ. ಮಂದಿ ಇನ್ನೂ ಬರ್ತಾರ. ಒಂದೀಟ ತಡೀರಿ ಅಂತ ಹೇಳು." ಹೇಳುತ್ತ ಹೇಳುತ್ತ ಸೆರಗಿನ ತುದಿಯಿಂದ ಮೂಗು ಒರೆಸಿಕೊಂಡೆ.

ಒಳಗಿನಿಂದ ಸಣ್ಣ ದನಿ ಬಂತು. "ಗಿಡಾ, ನೆರಳಿಗೆ ಕಬ್ಬ ಏಳವಲ್ದು ಅಂತ ಹೇಳು."

"ಖರೆ ಐತಿ ಗಿಡಪ್ಪಾ. ನಿನ್ನ ನೆರಳಿಗೆ ಬಾವಾರೂ ಇನ್ನೂ ಎದ್ದಿಲ್ಲ ಅಂತ ಹೇಳು."

ಡೇರೆ ಕುಲುಕಿತು. ಒಳಗೆ ನಗುತ್ತಿದ್ದರೋ ಏನೋ.

ನಮ್ಮ ಹಿಂದೆ ಅಡ್ಡೆಯವನು ಹಗ್ಗ ಗರಗಸ ಹಿಡಿದು ಬಂದು ನಿಂತದ್ದು ನಾವು ನೋಡಿರಲಿಲ್ಲ. ಅವನಿಗೆ ಕಂಡದ್ದು ಇಷ್ಟು. ತಲೆ ತುಂಬ ಸೆರಗು ಹೊದ್ದ ಹೆಂಗಸು ಕಣ್ಣೀರು ಹಾಕುತ್ತ ಹುಣಸೆ ಮರಕ್ಕೆ ಬೇಡಿಕೊಳ್ಳುತ್ತಿದ್ದಾಳೆ. ಮರ ಗಂಡುದನಿಯಲ್ಲಿ ಉತ್ತರ ಕೊಡುತ್ತಿದೆ. ನಾನು ತಿರುಗಿ ನೋಡಿದರೆ, ಅವನು ಚಪ್ಪಲಿ ಕಳಚಿ, ಗರಗಸವನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ಕೈ ಮುಗಿದಿದ್ದ.

"ಯಾರ ಬಂದ್ರು?" ಅಂತು ಮೇಲಿನ ದನಿ.

"ನಾನ್ರಿ ಯಪ್ಪಾ, ಅಡ್ಡೆದಾಂವ. ಕಡ್ಯಾಕ ಬಂದಿಲ್ರಿ. ಹಂಗ ದರ್ಶನಕ್ಕ ಬಂದೇನಿ."

"ಏ ಹುಚ್ಚಾ, ನಾನೋ. ಚೈನ ತಗೀ ಮೊದಲ."

ಚೈನು ಬಿಡಿಸಲು ಒಬ್ಬ ಗಂಡಸು ಸಿಕ್ಕನೆಂದು ನಾನು ಮರದ ಆಚೆ ಮರೆಗೆ ಸರಿದು ನಿಂತೆ. ಅಡ್ಡೆಯವನು ಎಳೆದಾಡಿ ಚೈನು ಬಿಡಿಸಿದ. ಬಾವ ಇಳಿದರು, ಹರಿದ ಧೋತರದ ತುದಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು, ಮರ್ಯಾದೆಯಿಂದ ಒಮ್ಮೆ ಕೆಮ್ಮಿದರು. ಅಡ್ಡೆಯವನಿಗೆ ಈಗ ಜೀವ ಬಂದಿತ್ತು. ಹಗ್ಗ ಬಿಚ್ಚುತ್ತ ಕೇಳಿದ. "ಹಂಗಾರ ಶುರು ಮಾಡ್ಲೇನ್ರಿ ಗೌಡ್ರ? ಯಾ ಗಿಡ ಮೊದಲ?"

ಬಾವ ನಾನಿದ್ದ ಕಡೆ ನೋಡಲಿಲ್ಲ, ಪದ್ಧತಿ ಪದ್ಧತಿಯೇ. ಮರದ ಮೈಮೇಲೆ ಕೈಯಿಟ್ಟು ಅವನಿಗೆ ಹೇಳಿದರು.

"ಇದನ್ನ ಕಡದ್ರ ನಾಳಿಂದ ಅಕಿ ಜೋಡಿ ನಾ ಯಾರ ಕಡಿಂದ ಮಾತಾಡ್ಲೋ?"